ಪರದೆ ಹೊಲಿಸಾಕ ಗೃಹಪ್ರವೇಶದ ಹಿಂದಿನ ದಿನ ಬರಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರಿನ ಪುರವಣಿಯೊಳಗ ಕಿಡಕಿಗೆ ಎಂಥಾ ಕರ್ಟನ್ ಹಾಕ್ಬೇಕು ಅಂತ ಒಂದು ಪೂರ್ತಿ ಪುಟ ಬಂದಿತ್ತು. ನಾನು ಅದನ್ನ ಎರಡು ಸಲ ಓದಿದೆ, ಆಮ್ಯಾಲ ಕತ್ತರಿಸಿ ಹೊಲಿಗಿ ಮಷಿನ್ ಎದುರಿನ ಗ್ವಾಡಿಗೆ ಅಂಟಿಸಿಟ್ಟೀನಿ, ಯಾಕಂದ್ರ ನಮ್ಮ ಕೆಲಸದ ಬಗ್ಗೆ ಕನ್ನಡದಾಗ ಅಷ್ಟು ದೊಡ್ಡದಾಗಿ ಬಂದಿದ್ದು ನಾನು ನೋಡಿದ್ದು ಇದ ಮೊದಲು. ಆದ್ರ ಒಂದು ಮಾತು ಹೇಳ್ಬೇಕು ಅನಿಸ್ತು. ಅದರಾಗಿನ ಫೋಟೋ ಎಲ್ಲಾ ಬ್ಯಾರೆ ಸೀಮಿ ಮನಿಗಳವು. ನೆಲ ಮುಟ್ಟೋ ತೆಳ್ಳನ ಬಿಳಿ ಪರದೆ, ಆಚಿ ಕಡೆ ಹಸಿರು ಗಿಡ, ತಂಪು ಬೆಳಕು. ನೋಡಾಕ ಚಂದ ಐತಿ, ಖರೇ. ಅದ ಪರದೆ ನಮ್ಮ ಗಂಗಾವತಿಯಾಗ ಪಡುವಲ ಕಿಡಕಿಗೆ ಹಾಕಿದ್ರ ಏಪ್ರಿಲ್ ತಿಂಗಳ ಸಂಜಿ ನಾಕು ಗಂಟೇಕ ಹಾಲ್‌ನ್ಯಾಗ ಕುಂದ್ರಾಕ ಆಗಂಗಿಲ್ಲ, ಮತ್ತ ಆರು ತಿಂಗಳದಾಗ ರೈಸ್‌ಮಿಲ್ ಬೂದಿ ಕುಂತು ಬಿಳಿ ಹೋಗಿ ಬೂದಿ ಬಣ್ಣ ಆಗಿರ್ತೈತಿ. ಆ ಪುಟ ನೋಡ್ಕೊಂಡು ಈಗಾಗಲೇ ಇಬ್ಬರು ನನ್ನ ಹತ್ರ ಬಂದಾರ, "ಅಕ್ಕಾ ಇಂಥವ ಬೇಕು" ಅಂತ. ಅದಕ್ಕ ಈ ಪತ್ರ.

ನಾನು ಹದಿನಾಕು ವರ್ಷದಿಂದ ಹೊಲಿಗಿ ಮಾಡ್ತೀನ್ರಿ. ಮೊದಲು ಬ್ಲೌಸು, ಫಾಲ್, ಪಿಕೋ ಅಷ್ಟ ಇತ್ತು, ಆಮ್ಯಾಲ ಒಬ್ಬರ ಮನಿ ಪರದೆ ಹೊಲಿದದ್ದು ನೋಡಿ ಇನ್ನೊಬ್ಬರು, ಹಿಂಗ ಈಗ ಮುಕ್ಕಾಲು ಭಾಗ ಪರದೆ ಕೆಲಸನ. ಗಂಗಾವತಿ, ಕಾರಟಗಿ, ಕೊಪ್ಪಳ, ಸಿಂಧನೂರು ತನಕ ಹೋಗಿ ಅಳತಿ ತಗೊಂಡು ಬರ್ತೀನಿ. ಇಷ್ಟು ವರ್ಷದಾಗ ನಾನು ಕಂಡದ್ದು ಏನಂದ್ರ, ಮನಿ ಕಟ್ಟೋವಾಗ ಜನ ಎಲ್ಲಾದಕ್ಕೂ ತಲಿ ಕೆಡಿಸ್ಕೋತಾರ, ಟೈಲ್ಸಿಗೆ ಹತ್ತು ಅಂಗಡಿ ತಿರುಗ್ತಾರ, ಮುಂಬಾಗಿಲ ಕೆತ್ತನಿಗೆ ತಿಂಗಳುಗಟ್ಲೆ ಕಾಯ್ತಾರ, ಕಿಡಕಿ ಪರದೆ ಮಾತ್ರ ಗೃಹಪ್ರವೇಶಕ್ಕ ಎರಡು ದಿನ ಇರೋವಾಗ ನೆನಪಾಗ್ತೈತಿ. ಪತ್ರಿಕಿ ಹಂಚಿ, ಅಡಿಗಿಯವರಿಗೆ ಹೇಳಿ, ಬೀಗರು ಬಸ್ ಹತ್ತೋ ಹೊತ್ತಿಗೆ "ಅಯ್ಯೋ ಕಿಡಕಿ ಬಯಲಾಗೈತಿ" ಅಂತ ರೆಡಿಮೇಡ್ ತಂದು ಮೊಳಿ ಹೊಡದು ತೂಗ ಹಾಕ್ತಾರ. ಆ ಪರದೆ ಮುಂದ ಹತ್ತು ವರ್ಷ ಅಲ್ಲೇ ಇರ್ತೈತಿ.

ರೆಡಿಮೇಡ್ ಕೆಟ್ಟದ್ದು ಅಂತ ಹೇಳಾಕತ್ತಿಲ್ರಿ. ಅಳತಿ ಕೂಡಂಗಿಲ್ಲ, ಅಷ್ಟ. ಅಂಗಡ್ಯಾಗ ಸಿಗೋವು ಮೂರ ಉದ್ದ, ಕಿಡಕಿಗೆ 5 ಫೂಟು, ಬಾಗಿಲಿಗೆ 7 ಫೂಟು, ಉದ್ದ ಬಾಗಿಲಿಗೆ 9 ಫೂಟು. ಅಗಲ ಹೆಚ್ಚುಕಮ್ಮಿ 4 ಫೂಟು. ಈಗ ನಮ್ಮ ಕಡೆ ಸಾಮಾನ್ಯ ಮನಿ ತಗೋರಿ, ಕಿಡಕಿ ಬಾಗಿಲ ಮ್ಯಾಲಿನ ತೊಲಿ, ಅಂದ್ರ ಲಿಂಟಲ್, 7 ಫೂಟಿಗೆ ಇರ್ತೈತಿ. ರಾಡು ಚೌಕಟ್ಟಿಗಿಂತ ನಾಕೈದು ಇಂಚು ಮ್ಯಾಲ ಹಾಕಿದ್ರನ ಚಂದ, ಬೆಳಕು ಸಂದಿಯಿಂದ ಇಣುಕಂಗಿಲ್ಲ, ಕೋಣಿ ಎತ್ತರ ಕಾಣ್ತೈತಿ. ಅಂದ್ರ ರಾಡು 7 ಫೂಟು 5 ಇಂಚಿಗೆ ಬಂತು. ಅದಕ್ಕ 7 ಫೂಟಿನ ಪರದೆ ಹಾಕಿದ್ರ ಬೆಳದ ಹುಡುಗನ ಹಳೇ ಪ್ಯಾಂಟಿನಂಗ ನೆಲದಿಂದ ಐದು ಇಂಚು ಮ್ಯಾಲ ನಿಲ್ತೈತಿ, 9 ಫೂಟಿಂದು ಹಾಕಿದ್ರ ಒಂದೂವರಿ ಫೂಟಿಗೂ ಹೆಚ್ಚು ನೆಲದ ಮ್ಯಾಲ ಎಳೀತೈತಿ, ಕಸ ಹೊಡಿಯಾಕಿ ದಿನಾ ಅದನ್ನ ಎತ್ತಿ ಕುರ್ಚಿ ಮ್ಯಾಲ ಇಡ್ತಾಳ. ನಮ್ಮ ಧೂಳಿನ ಊರಿಗೆ ಪರದೆ ನೆಲದಿಂದ ಅರ್ಧ ಇಂಚು ಮ್ಯಾಲ ಇರ್ಬೇಕು, ಎಳಿಯೋ ಫ್ಯಾಶನ್ ಇಲ್ಲಿ ನಡಿಯಂಗಿಲ್ಲ.

ಅಗಲದಾಗ ಆಗೋ ತಪ್ಪು ಇನ್ನೂ ದೊಡ್ಡದು. 5 ಫೂಟು ಅಗಲದ ಕಿಡಕಿ ಅಂದ್ರ ಎರಡೂ ಕಡೆ ಅರ್ಧರ್ಧ ಫೂಟು ಬಿಟ್ಟು ರಾಡು 6 ಫೂಟು. ನೆರಿಗಿ ಸರಿಯಾಗಿ ಬೀಳ್ಬೇಕಂದ್ರ ಅರಿವಿ ಅದರ ಎರಡು ಪಟ್ಟು, ಅಂದ್ರ 12 ಫೂಟು ಬೇಕು. ನಮ್ಮ ಕಡೆ ಕರ್ಟನ್ ಅರಿವಿ ಪನ್ನಾ, ಅಂದ್ರ ಅರಿವಿ ಅಗಲ, 48 ಇಂಚು, ಹಂಗಾಗಿ ಮೂರು ಪನ್ನಾ ಬೇಕು, ಒಂದನ್ನ ಮಧ್ಯಕ್ಕ ಸೀಳಿ ಆಚಿಗೊಂದು ಈಚಿಗೊಂದು ಕೂಡಿಸಿ ಹೊಲೀತೀನಿ. ಜನ ಎರಡು ಪೀಸ್ ತಂದು ಎಳದು ಕಟ್ತಾರ, ನೆರಿಗಿ ಇಲ್ಲ ಏನಿಲ್ಲ, ಬೆಡ್‌ಶೀಟ್ ಒಣಗಾಕ ಹಾಕಿದಂಗ ಕಾಣ್ತೈತಿ. ತೆಳ್ಳನ ಜಾಳು ಅರಿವಿ ಆದ್ರ ಎರಡೂವರಿ ಪಟ್ಟು ತಗೋರಿ, ದಪ್ಪ ಅರಿವಿಗೆ ಒಂದೂವರಿಯಿಂದ ಎರಡು ಪಟ್ಟು ಸಾಕು. ದುಬಾರಿ ಅರಿವಿ ಕಮ್ಮಿ ತರೋದಕ್ಕಿಂತ ಸಾದಾ ಅರಿವಿ ಧಾರಾಳ ತರೋದು ಯಾವಾಗ್ಲೂ ಚಂದ, ಇದನ್ನ ನಾನು ಬಂದೋರಿಗೆಲ್ಲಾ ಹೇಳ್ತೀನಿ. ಮತ್ತ ಹತ್ತಿ ಅರಿವಿ ಆದ್ರ ಹೊಲಿಯೋಕಿಂತ ಮೊದಲು ಒಂದು ಸಲ ನೀರಾಗ ಹಾಕಿ ತೆಗಿಸ್ರಿ, ಇಲ್ಲಂದ್ರ ಮೊದಲ ತೊಳಿಗೇಕ 7 ಫೂಟಿನ ಪರದೆ ಎರಡು ಮೂರು ಇಂಚು ಗಿಡ್ಡ ಆಗ್ತೈತಿ. ನಾನ ಒಂದು ಸಲ ಅವಸರದಾಗ ನೀರಿಗೆ ಹಾಕದ ಹೊಲಿದು ಕೊಟ್ಟು, ಆರು ಪರದೆಗೆ ಕೆಳಗ ಬ್ಯಾರೆ ಬಣ್ಣದ ಪಟ್ಟಿ ಕೂಡಿಸಿ ಕೊಡಬೇಕಾತು. ಅವತ್ತಿಂದ ಕೆಳಗ ಐದು ಇಂಚು ಮಡಿಕಿ ಬಿಡದ ಯಾವ ಪರದೆನೂ ಹೊಲಿದಿಲ್ಲ.

ಇನ್ನ ಬಿಸಲಿನ ಮಾತು. ನಮ್ಮ ಮೂರೂ ಜಿಲ್ಲಾದಾಗ, ರಾಯಚೂರು ಬಳ್ಳಾರಿ ಕೊಪ್ಪಳ, ಏಪ್ರಿಲ್ ಮೇ ತಿಂಗಳು 40 ಡಿಗ್ರಿ ದಾಟ್ತೈತಿ. ಹಂಗಾಗಿ ಪರದೆ ಆರಿಸೋವಾಗ ಬಣ್ಣ ಕೇಳೋಕಿಂತ ಮೊದಲು ನಾನು ಕೇಳೋದು ಕಿಡಕಿ ಯಾವ ದಿಕ್ಕಿಗೈತಿ ಅಂತ. ತೆಂಕಲ ಕಿಡಕಿಗೆ ಬ್ಯಾಸಿಗ್ಯಾಗ ಅಷ್ಟು ಭಯ ಇಲ್ಲ, ಸೂರ್ಯ ನೆತ್ತಿ ಮ್ಯಾಲ ಇರ್ತಾನ, ಒಂದೂವರಿ ಎರಡು ಫೂಟಿನ ಸಜ್ಜಾನ ತಡೀತೈತಿ. ಬಡಗಲ ಕಡೆ ಬಿಸಲ ಬರಂಗಿಲ್ಲ ಅಂತ ಎಲ್ಲಾರೂ ತಿಳ್ಕೊಂಡಾರ, ಆದ್ರ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಮ್ಮ ಕಡೆ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕ ವಾಲಿರ್ತಾನ, ಮುಂಜಾನಿ ಸಂಜಿ ಅಂತೂ ಓರಿಯಾಗಿ ಬಡಗಲ ಕಿಡಕಿಗೆ ಬಿಸಲ ಬೀಳ್ತೈತಿ. ಎಲ್ಲಾದಕ್ಕಿಂತ ಕಠಿಣ ಪಡುವಲದ್ದು. ಸಂಜಿ ಸೂರ್ಯ ಕೆಳಗ ಇರ್ತಾನ, ಸಜ್ಜಾ ಎಷ್ಟ ಅಗಲ ಇದ್ರೂ ಅದರ ಕೆಳಗಿಂದ ನುಗ್ಗಿ ಒಳಗ ಬರ್ತಾನ.

ಇಲ್ಲಿ ಒಂದು ವಿಷಯ ನಿಮ್ಮ ಲೇಖನದಾಗ ಇರಲಿಲ್ಲ, ಅದನ್ನ ಹೇಳಲೇಬೇಕು. ಗಾಜು ದಾಟಿ ಒಳಗ ಬಂದ ಬಿಸಲು ಒಳಗ ಉಳೀತೈತಿ. ಒಳಗಿನ ಪರದೆ ಎಷ್ಟು ದಪ್ಪ ಇದ್ರೂ ಅದು ಕಾದು ಆ ಕಾವು ಕೋಣಿಯೊಳಗ ಬಿಡ್ತೈತಿ. ಅದಕ್ಕ ಬಿಸಲನ್ನ ಗಾಜಿನ ಹೊರಗ ತಡೀಬೇಕು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು, ಬಿದಿರಿನ ತಟ್ಟಿ, ಲಾವಂಚದ ತಟ್ಟಿ ಕಿಡಕಿ ಹೊರಗ ಇಳಿಬಿಟ್ಟು ನೀರು ಹೊಡೀತಿದ್ರು, ಗಾಳಿ ತಂಪಾಗಿ ಒಳಗ ಬರ್ತಿತ್ತು. ಈಗ ಪಡುವಲ ಕಿಡಕಿಗೆ ಹೊರಗ ಒಂದು ಬಿದಿರಿನ ಚಿಕ್ ಸುತ್ತಿ ಇಳಿಸೋಹಂಗ ಕಟ್ಟಿಸಿ, ಒಳಗ ನಿಮಗ ಬೇಕಾದ ಪರದೆ ಹಾಕ್ಕೋರಿ. ಹೊರಗ ಕಟ್ಟಾಕ ಜಾಗ ಇಲ್ಲ ಅಂದ್ರ ಒಳಗಿನ ಪರದೆಗೆ ಬಿಳಿ ಲೈನಿಂಗ್ ಕೊಡಿಸ್ರಿ, ಬಿಳಿ ಮುಖ ಗಾಜಿನ ಕಡೆ ಇರ್ಬೇಕು, ಒಂದಿಷ್ಟು ಬಿಸಲನ್ನ ಅದು ವಾಪಸ್ ಹೊರಗ ಹೊಡೀತೈತಿ. ಲೈನಿಂಗ್ ಇದ್ರ ಮುಂದಿನ ಅರಿವಿ ಬಣ್ಣನೂ ಬೇಗ ಹೋಗಂಗಿಲ್ಲ. ಕಡು ನೀಲಿ, ಮೆರೂನ್ ಪರದೆ ಲೈನಿಂಗ್ ಇಲ್ಲದ ಹಾಕಿದೋರ ಮನ್ಯಾಗ ನಾನು ಎರಡ ವರ್ಷದಾಗ ಅಂಚು ಪೂರಾ ಬಿಳಚಿದ್ದನ್ನ ನೋಡೀನಿ.

ಈಗ ಮನಿಗೆ ಒಪ್ಪೋ ಪರದೆ ಅಂದ್ರೇನು ಅನ್ನೋದಕ್ಕ ಬರ್ತೀನಿ. ನಿಮ್ಮ ಲೇಖನದಾಗ ಮಾಡರ್ನ್, ಕ್ಲಾಸಿಕ್, ಮಿನಿಮಲ್ ಅಂತ ಹೆಸರು ಕೊಟ್ಟಿದ್ರು. ನಮ್ಮ ಕಡೆ ಮನಿಗಳು ಆ ಹೆಸರಿನವಲ್ಲ. ನಮ್ಮಲ್ಲಿ ಮಣ್ಣಿನ ಚಾವಣಿಯ ಮಾಳಿಗಿ ಮನಿ ಅದಾವ, ಎಂಬತ್ತು ತೊಂಬತ್ತರ ದಶಕದ ಕಾಂಕ್ರೀಟ್ ಚಾವಣಿಯ ಆರ್‌ಸಿಸಿ ಮನಿ ಅದಾವ, ಈಗಿನ ಫಾಲ್ಸ್ ಸೀಲಿಂಗ್ ಮನಿ ಅದಾವ, ಮತ್ತ ಬಾಡಿಗಿ ಮನಿ.

ಮಾಳಿಗಿ ಮನಿ ನನಗ ಭಾಳ ಪ್ರೀತಿ. ಎರಡು ಫೂಟು ದಪ್ಪ ಕಲ್ಲು ಮಣ್ಣಿನ ಗ್ವಾಡಿ, ಸಣ್ಣ ಕಿಡಕಿ, ಕಬ್ಬಿಣದ ಸರಳು, ಒಳಗ ಕಟಿಗಿ ಕದ, ಮ್ಯಾಲ ಬೆಳಕಿಂಡಿ, ಗ್ವಾಡ್ಯಾಗ ದೀಪ ಇಡೋ ಮಾಡ. ಅಂಥಾ ಮನಿ ರಿಪೇರಿ ಮಾಡಿಸಿದೋರು ಮಾಡರ್ನ್ ಆಗ್ಲಿ ಅಂತ ಕಂಬದಿಂದ ಕಂಬದ ತನಕ ಹೊಳಿಯೋ ಸಿಂಥೆಟಿಕ್ ಪರದೆ ಹಾಕಿ ಆ ಕಟಿಗಿ ಕದ, ಆ ಮಾಡ ಎಲ್ಲಾ ಮುಚ್ಚಿಬಿಡ್ತಾರ, ನನಗ ಹೊಟ್ಟ್ಯಾಗ ಸಂಕಟ ಆಗ್ತೈತಿ. ಆ ಕಿಡಕಿಗೆ ಬೇಕಾದ್ದು ಅರ್ಧ ಪರದೆ ಅಷ್ಟ. ಚೌಕಟ್ಟಿನ ಒಳಗ, ಕೆಳಗಿನ ಅರ್ಧಕ್ಕ, ಸ್ಪ್ರಿಂಗ್ ತಂತಿ ಮ್ಯಾಲ ಸಾದಾ ಕೈಮಗ್ಗದ ಹತ್ತಿ. ಬೀದಿಯಿಂದ ಯಾರೂ ಒಳಗ ನೋಡಂಗಿಲ್ಲ, ಮ್ಯಾಲಿನ ಅರ್ಧದಿಂದ ಗಾಳಿ ಬೆಳಕು ಬರ್ತೈತಿ, ಕಟಿಗಿ ಕದ ಮುಚ್ಚಾಕೂ ತೊಂದ್ರಿ ಇಲ್ಲ.

ಆನೆಗುಂದಿ ಕಡೆ ಒಂದು ಹಳೇ ಮನ್ಯಾಗ ಅಜ್ಜಿಯೊಬ್ಬರು ಟ್ರಂಕಿನಿಂದ ಅವರ ಅತ್ತಿ ಉಡ್ತಿದ್ದ ಇಳಕಲ್ ಸೀರಿ ತಗದು ಕೊಟ್ರು, ಒಂಬತ್ತು ಗಜದ್ದು, ಚಿಕ್ಕಿ ಪರಾಸ ಅಂಚು. "ಯಾರೂ ಉಡಂಗಿಲ್ಲವ್ವಾ, ಹುಳ ತಿನ್ನೋಕಿಂತ ಕಣ್ಣಮುಂದ ಇರ್ಲಿ" ಅಂದ್ರು. ನನಗ ಕತ್ತರಿ ಹಾಕಾಕ ಕೈ ನಡುಗ್ತು ಖರೇನ. ಒಂಬತ್ತು ಗಜ ಅಂದ್ರ 27 ಫೂಟು, ಒಳಮನಿ ಮೂರು ಬಾಗಿಲಿಗೆ ಮಡಿಕಿ ಸೇರಿ ಎಂಟೆಂಟು ಫೂಟು ತಗದೆ, ಮೂರು ಫೂಟು ಸೆರಗು ಉಳೀತು. ಆ ಸೆರಗನ್ನ ದೇವರ ಮನಿ ಬಾಗಿಲ ಮ್ಯಾಲ ಸಣ್ಣ ಝಾಲರಿ ಮಾಡಿದೆ. ಹಳೇ ನೂಲು ತೂಕ ತಡಿಯಂಗಿಲ್ಲ ಅಂತ ಹಿಂದ ಪೂರಾ ತೆಳ್ಳನ ಮಲ್ ಅರಿವಿ ಕೊಟ್ಟೆ, ಬಿಸಲ ಬೀಳೋ ಕಿಡಕಿಗೆ ಹಾಕಲಿಲ್ಲ, ಒಳಬಾಗಿಲಿಗಷ್ಟ. ಸೀರಿ ಪರದೆ ಮಾಡ್ಸೋರೆಲ್ಲಾ ಇದನ್ನ ನೆನಪಿಡ್ರಿ, ರೇಷ್ಮಿ ಸೆರಗು ನೇರ ಬಿಸಲಿಗೆ ಹಾಕಿದ್ರ ಒಂದು ಬ್ಯಾಸಿಗಿ ದಾಟಿದ ಮ್ಯಾಲ ಕೈ ಮುಟ್ಟಿದ್ರ ಹರೀತೈತಿ. ಅಜ್ಜಿ ಆ ಬಾಗಿಲ ಎದುರ ಕುಂತು ಅತ್ತಿ ಕತಿ ಒಂದು ತಾಸು ಹೇಳಿದ್ರು, ಕೂಲಿಗಿಂತ ಹೆಚ್ಚು ಅನಿಸ್ತು ನನಗ.

ಆರ್‌ಸಿಸಿ ಮನಿಗಳಿಗೆ ಬಂದ್ರ, ಅಲ್ಲಿ ಗ್ವಾಡಿ ಬಣ್ಣ ಗಾಢ ಇರ್ತೈತಿ, ಗಿಳಿ ಹಸಿರು, ಗುಲಾಬಿ, ನೀಲಿ. ನಾನು ಬಣ್ಣ ಬದಲಿಸ್ರಿ ಅನ್ನಂಗಿಲ್ಲ, ಅವರ ಮನಿ ಅವರ ಇಷ್ಟ. ಗ್ವಾಡಿ ಮಾತಾಡ್ತಿದ್ರ ಪರದೆ ಸುಮ್ಮನಿರ್ಬೇಕು, ದೊಡ್ಡ ಹೂವಿನ ಪ್ರಿಂಟ್ ಬ್ಯಾಡ, ಕೋರಾ ಬಣ್ಣ ಇಲ್ಲಾ ಗ್ವಾಡಿದ ಬಣ್ಣದ ತಿಳಿ ಛಾಯಿ ತಗೋರಿ. ಗ್ವಾಡಿ ಬಿಳಿ ಇದ್ರ ಆಗ ಬೇಕಾದ ಹೂವು ಬಳ್ಳಿ ಹಾಕ್ರಿ. ಇನ್ನ ಈ ಮನಿಗಳ ಕಿಡಕಿ ಕದ ಒಳಗ ತೆಗಿಯೋಹಂಗ ಇದ್ರ ರಾಡು ಚೌಕಟ್ಟಿಗೆ ಅಂಟಿಸಿ ಹಾಕಬ್ಯಾಡ್ರಿ, ಕದ ತಗದಾಗ ಪರದೆ ಸಿಕ್ಕೊಂಡು ರಿಂಗ್ ಕಿತ್ತು ಬರ್ತಾವ. ಸೊಳ್ಳಿ ಮೆಶ್ ಇದ್ದ ಕಡೆನೂ ಅಷ್ಟ. ಗದ್ದಿ ನಾಟಿ ಆದ ಮ್ಯಾಲ ನಮ್ಮ ಊರಾಗ ಹೊತ್ತು ಮುಳುಗಿದ್ರ ಸೊಳ್ಳಿ ಹೆಂಗ ಬರ್ತಾವ ಅಂತ ನಿಮಗ ಗೊತ್ತ ಐತಿ, ಮೆಶ್ ಕದ ತೆಗಿಯಾಕ ಮುಚ್ಚಾಕ ಜಾಗ ಬಿಟ್ಟ ಅಳತಿ ತಗೋಬೇಕು.

ಫಾಲ್ಸ್ ಸೀಲಿಂಗ್ ಮನಿಯೋರಿಗೆ ನನ್ನ ಕಳಕಳಿ ಒಂದ. ಸೀಲಿಂಗಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಾಕೋಕಿಂತ ಮೊದಲು ಪರದೆ ಹೊಲಿಯೋರನ್ನ ಕರೀರಿ. ಕಿಡಕಿ ಗ್ವಾಡಿ ಕಡೆ ಸೀಲಿಂಗ್‌ನ್ಯಾಗ ಆರೆಂಟು ಇಂಚು ಪಾಕೆಟ್ ಬಿಡಿಸಿದ್ರ ಅದರೊಳಗ ಎರಡು ಟ್ರ್ಯಾಕ್ ಕುಂದುರ್ತಾವ, ಒಂದಕ್ಕ ಜಾಳು ಪರದೆ, ಇನ್ನೊಂದಕ್ಕ ದಪ್ಪಂದು, ರಾಡು ಕಾಣಂಗಿಲ್ಲ. ಆಮ್ಯಾಲ ಬಂದು ಹೇಳಿದ್ರ ಪಿಒಪಿಗೆ ಡ್ರಿಲ್ ಹಾಕಿ ತೂತು ಮಾಡ್ಬೇಕು, ಹಿಡಿತ ಇರಂಗಿಲ್ಲ, ಒಂದು ದಿನ ಪರದೆ ಸಮೇತ ಕೆಳಗ ಬರ್ತೈತಿ. ಕಾರ್ಪೆಂಟರ್ ಸೋಫಾಕ ಅಳತಿ ತಗೊಳ್ಳೋ ದಿನಾನ ಕಿಡಕಿ ಅಳತಿನೂ ತಗೊಂಡ್ರ ಏನು ಹೋಗ್ತೈತ್ರಿ?

ಇಂಥಾ ಮನಿಗಳಿಗೆ ಬ್ಲೈಂಡ್, ಅಂದ್ರ ಮ್ಯಾಲ ಎತ್ತಿ ಕೆಳಗ ಇಳಿಸೋ ಪರದೆ, ಚಂದ ಕಾಣ್ತಾವ, ರೋಲರ್, ರೋಮನ್, ಜೀಬ್ರಾ. ಚೌಕಟ್ಟಿನ ಒಳಗ ಕುಂದ್ರಿಸೋದಾದ್ರ ಅಗಲ ಮೂರು ಕಡೆ ಅಳೀರಿ, ಮ್ಯಾಲ, ನಡುವ, ಕೆಳಗ. ನಮ್ಮ ಗೌಂಡಿ ಕೆಲಸದಾಗ ಅರ್ಧ ಇಂಚು ಹೆಚ್ಚುಕಮ್ಮಿ ಇದ್ದ ಇರ್ತೈತಿ, ಮೂರರಾಗ ಸಣ್ಣ ಅಳತಿ ಕೊಡ್ರಿ, ಇಲ್ಲಂದ್ರ ಬ್ಲೈಂಡ್ ಸಿಕ್ಕೊಂಡು ಇಳಿಯಂಗಿಲ್ಲ. ಅಡಿಗಿ ಮನಿಗೆ ನಾನು ಹೇಳೋದೂ ಬ್ಲೈಂಡ್, ರೊಟ್ಟಿ ಬಡಿಯೋ ಹಿಟ್ಟು, ಒಗ್ಗರಣಿ ಜಿಡ್ಡು ಒರೆಸಿದ್ರ ಹೋಗೋವಂಥಾದ್ದು. ಗ್ಯಾಸ್ ಒಲಿ ಹತ್ರ ಸಿಂಥೆಟಿಕ್ ಪರದೆ ಯಾರೂ ಹಾಕಬಾರ್ದು, ಗಾಳಿಗೆ ಹಾರಿ ಉರಿ ತಾಗಿದ್ರ ಕರಗಿ ಮೈಗೆ ಅಂಟ್ತೈತಿ.

ಬ್ಲೈಂಡಿನ ದಾರದ ಬಗ್ಗೆ ಹೇಳದ ಬಿಡಾಕ ಆಗಂಗಿಲ್ಲ. ಸಣ್ಣ ಮಕ್ಕಳು ಆಡ್ತಾ ಆಡ್ತಾ ಆ ಸುತ್ತು ದಾರ ಕೊಳ್ಳಿಗೆ ಹಾಕ್ಕೊಂಡ್ರ ಜೀವಕ್ಕ ಅಪಾಯ. ಅಮೆರಿಕದಾಗ 2018ರ ಡಿಸೆಂಬರ್‌ದಿಂದ ಅಂಗಡ್ಯಾಗ ರೆಡಿ ಸಿಗೋ ಬ್ಲೈಂಡಿಗೆ ಮಕ್ಕಳ ಕೈಗೆ ಸಿಗೋ ದಾರ ಇರಬಾರ್ದು ಅಂತ ಮಾನದಂಡ ಬಂತು, 2024ರ ಜೂನ್‌ದಿಂದ ಅಳತಿ ಕೊಟ್ಟು ಮಾಡಿಸೋವಕ್ಕೂ ಅದನ್ನ ಬಿಗಿ ಮಾಡ್ಯಾರ. ನಮ್ಮ ಕಡೆ ಉದ್ದ ದಾರ ಇಳಿಬಿದ್ದಿದ್ದನ್ನ ತೊಟ್ಟಿಲ ಪಕ್ಕದಾಗ ನೋಡೀನಿ. ಮಕ್ಕಳಿರೋ ಮನಿಗೆ ದಾರ ಇಲ್ಲದ್ದು ಕೇಳಿ ತರಿಸ್ರಿ, ಇರೋವಕ್ಕ ಐದು ಫೂಟಿನ ಮ್ಯಾಲ ಕೊಕ್ಕಿ ಹೊಡದು ದಾರ ಸುತ್ತಿಡ್ರಿ, ತೊಟ್ಟಿಲು ಮಂಚ ಕಿಡಕಿಯಿಂದ ದೂರ ಸರಸ್ರಿ.

ಬಾಡಿಗಿ ಮನಿಯೋರು ಹೆಚ್ಚು ಖರ್ಚು ಮಾಡಬ್ಯಾಡ್ರಿ. ಕೆಳಗ ಎಂಟು ಇಂಚು ಮಡಿಕಿ ಬಿಡಿಸ್ಕೊಂಡು ಹೊಲಿಸಿದ್ರ ಮುಂದಿನ ಮನಿಗೆ ಬಿಚ್ಚಿ ಉದ್ದ ಮಾಡ್ಕೋಬಹುದು, ಅಷ್ಟ ಸಾಕು.

ಕಡೀಕ ಒಂದು ಬೇಡಿಕಿ. ನಿಮ್ಮ ಪುಟದಾಗ ತೋರಿಸಿದ ಅರಿವಿ, ಲೇಸು, ಟೈಬ್ಯಾಕ್ ಎಲ್ಲಾ ದೊಡ್ಡ ಊರಿನ ಅಂಗಡಿವು. ನಮ್ಮ ಸುತ್ತಮುತ್ತ ಏನೇನೈತಿ ಅಂತ ನೋಡ್ರಿ. ಕೊಪ್ಪಳದ ಪಕ್ಕ ಭಾಗ್ಯನಗರದಾಗ ನೇಕಾರರು ಅದಾರ. ಆನೆಗುಂದಿಯಾಗ ಹೆಣ್ಣುಮಕ್ಕಳು ಬಾಳಿ ನಾರಿನಿಂದ ಹಗ್ಗ ಹೊಸದು ಸಾಮಾನು ಮಾಡ್ತಾರ, ಆ ಹಗ್ಗದಿಂದ ಪರದೆ ಹಿಡದು ಕಟ್ಟಿದ್ರ ಎಷ್ಟು ಚಂದ ಅಂತೀರಿ, ನಾನು ನಾಕು ಮನಿಗೆ ಹಂಗ ಮಾಡಿ ಕೊಟ್ಟೀನಿ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ, ಅಂದ್ರ ಇದು ಈ ಊರಿನದ್ದ ಅನ್ನೋ ಸರಕಾರಿ ಗುರುತು, ಐತಿ, 2023ರ ಜುಲೈದಾಗ ಹಂಪಿಯೊಳಗ ಜಿ20 ಸಭೆ ನಡದಾಗ ಆ ಕಸೂತಿಯ 1755 ವಸ್ತು ಒಂದ ಕಡೆ ಇಟ್ಟು ಗಿನ್ನೆಸ್ ದಾಖಲೆನೂ ಆತು. ಕನ್ನಡಿ ಕೂಡಿಸಿದ ಆ ಪಟ್ಟಿ ಸಾದಾ ಕೋರಾ ಪರದೆ ಅಂಚಿಗೆ ನಾಕು ಇಂಚು ಕೂಡಿಸಿದ್ರ ಬ್ಯಾರೆ ಏನೂ ಅಲಂಕಾರ ಬ್ಯಾಡ. ಕಿನ್ನಾಳದ ಚಿತ್ರಗಾರರು ಹಗೂರ ಕಟಿಗ್ಯಾಗ ಹಣ್ಣು, ಗಿಳಿ ಮಾಡಿ ಬಣ್ಣ ಕೊಡ್ತಾರಲ್ಲ, ಕೇಳಿದ್ರ ರಾಡಿನ ತುದಿಗೆ ಕೂಡೋ ಗಿಳಿ ಮಾಡಿ ಕೊಡಬಹುದು, ಸ್ಟೀಲಿನ ಗುಂಡಿಗಿಂತ ಅದು ನಮ್ಮ ಮನಿ ಅಂತ ಅನಸ್ತೈತಿ. ಬಳ್ಳಾರಿ ಜೀನ್ಸ್ ಅರಿವಿಯಿಂದ ಕಾಲೇಜು ಹುಡುಗನ ಕೋಣಿಗೆ ರೋಮನ್ ಬ್ಲೈಂಡ್ ಹೊಲಿದು ಕೊಟ್ಟಿದ್ದೆ, ದಪ್ಪ ಇರೋದಕ್ಕ ಬೆಳಕು ಚಲೋ ತಡೀತೈತಿ, ಧೂಳೂ ಕಾಣಂಗಿಲ್ಲ. ಮುಂದಿನ ಪುರವಣಿಯಾಗ ಇವುಗಳ ಫೋಟೋ ಹಾಕ್ರಿ, ರಾಯಚೂರಿನ ಒಂದು ಮಾಳಿಗಿ ಮನಿ, ಬಳ್ಳಾರಿದು ಒಂದು ಸಣ್ಣ ಆರ್‌ಸಿಸಿ ಮನಿ ತೋರಿಸ್ರಿ. ಜನ ಅದನ್ನ ಹಿಡ್ಕೊಂಡು ಬಂದು ಇಂಥಾದ್ದ ಬೇಕು ಅಂದ್ರ ನಾನು ಖುಷಿಯಿಂದ ಹೊಲಿದು ಕೊಡ್ತೀನಿ.

ಈ ಭಾನುವಾರ ಕಾರಟಗಿ ಹತ್ರ ಒಂದು ಮನಿಗೆ ಹೊಂಟೀನಿ. ಸ್ಲ್ಯಾಬ್ ಹಾಕಿ ತಿಂಗಳಾಗೈತಿ, ಪ್ಲಾಸ್ಟರ್ ಇನ್ನೂ ಶುರು ಆಗಿಲ್ಲ. ಮನಿಯಾಕಿ ಫೋನ್ ಮಾಡಿ, "ಅಕ್ಕಾ, ಗೌಂಡಿಯೋರು ಇರೋವಾಗಲೇ ಬಂದು ರಾಡು ಎಲ್ಲಿ, ಚಿಕ್ ಎಲ್ಲಿ ಅಂತ ಗುರುತು ಹಾಕಿ ಕೊಡ್ರಿ, ಪಡುವಲಕ್ಕ ಎರಡು ದೊಡ್ಡ ಕಿಡಕಿ ಅದಾವ" ಅಂದ್ಲು. ಹದಿನಾಕು ವರ್ಷದಾಗ ಗ್ವಾಡಿ ಹಸಿ ಇರೋವಾಗ ನನ್ನ ಕರದಾಕಿ ಆಕಿ ಒಬ್ಬಾಕಿನ.

ಇಂತಿ ನಿಮ್ಮ ಓದುಗಾರ್ತಿ,
ಒಬ್ಬ ಹೊಲಿಗಿ ಕೆಲಸದಾಕಿ, ಗಂಗಾವತಿ